‘ಮುಂದೆ ಒಯ್ಯಿರಿ’ ಎಂದ ಮೇಲೆ ಏನಾಗುತ್ತದೆ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಯಾವ ಮನೆಗೆ ಹೋದರೂ ಒಂದು ಮಾತು ಎಲ್ಲರಿಗೂ ಪರಿಚಿತ. “ಇಲ್ಲಿ ಆಗೂದಿಲ್ರಿ, ಹುಬ್ಬಳ್ಳಿಗೆ ಒಯ್ರಿ.” ಹಿರೇಕೆರೂರಿನವರಾದರೆ ಹುಬ್ಬಳ್ಳಿಯ ಬದಲು ದಾವಣಗೆರೆ, ಇಲ್ಲವೇ ಶಿವಮೊಗ್ಗ. ಹಾವು ಕಚ್ಚಿರಲಿ, ಟ್ರ್ಯಾಕ್ಟರಿನಿಂದ ಬಿದ್ದಿರಲಿ, ಎದೆ ಹಿಡಿದುಕೊಂಡು ಬಂದಿರಲಿ, ಆಸ್ಪತ್ರೆಯ ಬಾಗಿಲಲ್ಲಿ ಈ ಮಾತು ಕಿವಿಗೆ ಬಿದ್ದ ಕೂಡಲೇ ಮನೆಯವರಲ್ಲಿ ಒಬ್ಬ ದುಡ್ಡು ಹೊಂದಿಸಲು ಓಡುತ್ತಾನೆ, ಇನ್ನೊಬ್ಬ ಗಾಡಿ ಹುಡುಕಲು ಓಡುತ್ತಾನೆ. ಆ ಗಡಿಬಿಡಿಯಲ್ಲಿ ಯಾರೂ ಕೇಳದೆ ಉಳಿಯುವ ಪ್ರಶ್ನೆ ಒಂದಿದೆ. ಕಳಿಸುವ ಮೊದಲು ಇಲ್ಲಿ ಏನು ಕೊಟ್ಟಿರಿ?

ಆ ಮಾತನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ. ಅದರಲ್ಲಿ ಒಂದು ಸಲದ್ದು ಇಂದಿಗೂ ಮರೆತಿಲ್ಲ. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮುಂಚಿನ ಮಾತು ಇದು. ಅವಿಭಜಿತ ಧಾರವಾಡ ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಹೊಸ ವೈದ್ಯಾಧಿಕಾರಿ. ಮಳೆಗಾಲದ ಒಂದು ಸಂಜೆ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದರು. ಪಾದಕ್ಕೆ ಹಾವು ಕಚ್ಚಿತ್ತು. ಮೊಣಕಾಲಿನವರೆಗೆ ಬಾವು ಏರಿತ್ತು, ವಸಡಿನಿಂದ ರಕ್ತ ಜಿನುಗುತ್ತಿತ್ತು. ಕಪಾಟಿನಲ್ಲಿ ವಿಷನಿರೋಧಕ ಮದ್ದಿನ ಕೆಲವು ಸೀಸೆಗಳಿದ್ದವು. ಆದರೆ ಆ ಮದ್ದು ಕೆಲವರಿಗೆ ಒಗ್ಗುವುದಿಲ್ಲ, ಕೊಡುತ್ತಿದ್ದಂತೆಯೇ ರಕ್ತದೊತ್ತಡ ಕುಸಿದು ಉಸಿರು ಕಟ್ಟಬಹುದು ಎಂದು ಓದಿದ್ದೆ. ನನ್ನ ಕೈಯಲ್ಲೇ ಏನಾದರೂ ಆಗಿಬಿಟ್ಟರೆ ಹೊರಗೆ ನಿಂತ ಮೂವತ್ತು ಜನಕ್ಕೆ ಏನು ಹೇಳಲಿ? ಸಲೈನ್ ಹಚ್ಚಿ, ಚೀಟಿ ಬರೆದು, ಜೀಪಿಗೆ ಹತ್ತಿಸಿದೆ. ಜೀಪು ತಿರುವು ದಾಟಿದ ಮೇಲೆ ನನ್ನ ಮನಸ್ಸು ಹಗುರಾಯಿತು ಎಂಬುದನ್ನೂ ಮುಚ್ಚಿಡಬಾರದು.

ಮೂರು ವಾರದ ಮೇಲೆ ಆಕೆಯ ತಮ್ಮ ಬಂದ. “ಸಾಹೇಬ್ರ, ನಮ್ಮಕ್ಕಂದು ಒಂದು ಕಾಗದಾ ಬೇಕಾಗಿತ್ರಿ” ಎಂದ. ಹುಬ್ಬಳ್ಳಿ ಇನ್ನೂ ದೂರವಿದ್ದಾಗಲೇ ಜೀಪಿನಲ್ಲಿ ಆಕೆಯ ಜೀವ ಹೋಗಿತ್ತು. ಗಾಡಿ ಅಲ್ಲಿಂದಲೇ ಊರ ಕಡೆ ತಿರುಗಿತ್ತು. ನನ್ನ ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ‘ಕಳಿಸಲಾಗಿದೆ’ ಎಂದಿತ್ತು. ದೊಡ್ಡ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹೆಸರೇ ಇರಲಿಲ್ಲ, ಏಕೆಂದರೆ ಆಕೆ ಅಲ್ಲಿಗೆ ತಲುಪಲೇ ಇಲ್ಲ. ಎರಡು ಆಸ್ಪತ್ರೆಗಳ ಲೆಕ್ಕದಲ್ಲೂ ಆ ಸಾವು ಎಲ್ಲಿಯೂ ಇಲ್ಲ.

ಒಬ್ಬ ಹೆದರಿದ ವೈದ್ಯನ ಕಥೆ ಎಂದು ಇದನ್ನು ಬಿಟ್ಟುಬಿಡುವಂತಿಲ್ಲ. ದೇಶದ ಸಾವುಗಳ ಕಾರಣ ಹುಡುಕಲು ಮನೆಮನೆಗೆ ಹೋಗಿ ನಡೆಸಿದ ‘ಹತ್ತು ಲಕ್ಷ ಸಾವುಗಳ ಅಧ್ಯಯನ’ದ ಒಂದು ಭಾಗ 2011ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ವರ್ಷಕ್ಕೆ ಸುಮಾರು 46,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂದು ಅದು ಅಂದಾಜು ಮಾಡಿತು. ಸತ್ತವರಲ್ಲಿ ನೂರಕ್ಕೆ 97 ಮಂದಿ ಹಳ್ಳಿಯವರು. ನೂರಕ್ಕೆ 77 ಮಂದಿ ಸತ್ತದ್ದು ಆಸ್ಪತ್ರೆಯ ಹೊರಗೆ. ಮನೆಯಲ್ಲಿ, ಹೊಲದಲ್ಲಿ, ಮಂತ್ರ ಹಾಕುವವರ ಕಟ್ಟೆಯ ಮೇಲೆ, ಹಾಗೂ ದಾರಿಯಲ್ಲಿ. ಅಲ್ಲಿಯವರೆಗೆ ಆಸ್ಪತ್ರೆಗಳು ಕೊಟ್ಟ ಲೆಕ್ಕ ಇದರ ಎಷ್ಟೋ ಪಾಲು ಕಡಿಮೆ ಇತ್ತು. ಆಸ್ಪತ್ರೆ ತನ್ನೊಳಗೆ ಆದ ಸಾವನ್ನು ಮಾತ್ರ ಎಣಿಸುತ್ತದೆ.

ತುರ್ತು ಚಿಕಿತ್ಸೆಯ ಸುರಕ್ಷತೆಯ ಬಗ್ಗೆ ಕಳೆದ 25 ವರ್ಷಗಳಲ್ಲಿ ಜಗತ್ತಿನಲ್ಲಿ ಬಹಳ ಸಂಶೋಧನೆ ನಡೆದಿದೆ. 1999ರಲ್ಲಿ ಅಮೆರಿಕದ ಒಂದು ವರದಿ ಆ ದೇಶದ ಆಸ್ಪತ್ರೆಗಳಲ್ಲಿ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಾರೆಂದು ಅಂದಾಜು ಮಾಡಿದಾಗ ಗದ್ದಲವೇ ಆಯಿತು. ಆದರೆ ಆ ದೇಶದವರು ಕೇಳುವ ಪ್ರಶ್ನೆಗಳು ಅವರ ಊರಿನವು. ಕ್ಯಾಷುಯಲ್ಟಿಯಲ್ಲಿ ಹಾಸಿಗೆ ಸಿಗದೆ ಎಷ್ಟು ತಾಸು ಕಾಯಬೇಕಾಯಿತು, ಯಾವ ಔಷಧ ಬದಲಾಯಿತು, ಇತ್ಯಾದಿ. ನಮ್ಮ ನಾಲ್ಕು ತಾಲ್ಲೂಕುಗಳ ಪ್ರಶ್ನೆ ಬೇರೆ. ನಮ್ಮಲ್ಲಿ ತುರ್ತು ಚಿಕಿತ್ಸಾ ಘಟಕ ಎಂದರೆ ಒಂದು ಕೋಣೆಯಲ್ಲ, ಅದು ಹಾನಗಲ್ಲಿನಿಂದ ಹುಬ್ಬಳ್ಳಿಯವರೆಗೆ ಸುಮಾರು 80 ಕಿಲೋಮೀಟರ್ ಉದ್ದ ಇದೆ. ಅದರ ಒಂದು ತುದಿಯಲ್ಲಿ ಒಬ್ಬ ವೈದ್ಯ, ಒಬ್ಬ ದಾದಿ; ಇನ್ನೊಂದು ತುದಿಯಲ್ಲಿ ಎಲ್ಲ ತಜ್ಞರು; ನಡುವೆ ರಸ್ತೆ. ಈ ಉದ್ದನೆಯ ಘಟಕದಲ್ಲಿ ಚಿಕಿತ್ಸೆ ಎಲ್ಲಿ ಆರಂಭವಾಗಬೇಕು ಎಂಬುದೇ ಪ್ರಶ್ನೆ. ಈ ತುದಿಯಲ್ಲೇ ಆಗಬೇಕು ಎಂದು ಒಂದರ ಮೇಲೊಂದು ಅಧ್ಯಯನ ಹೇಳುತ್ತಿದೆ.

ಹಾವಿನ ವಿಷಯವನ್ನೇ ಮೊದಲು ನೋಡೋಣ. ಮುಂಗಾರಿನ ನಾಲ್ಕು ತಿಂಗಳು, ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುವ ಹೊತ್ತು, ಹಾವಿನ ಕಡಿತವೂ ಹೆಚ್ಚುವ ಹೊತ್ತು. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇದನ್ನು ಕಂಡುಹಿಡಿಯಲು ಪ್ರಯೋಗಾಲಯ ಬೇಕಿಲ್ಲ. 1970ರ ದಶಕದಲ್ಲಿ ನೈಜೀರಿಯಾದಲ್ಲಿ ಡೇವಿಡ್ ವಾರೆಲ್ ಮತ್ತು ಸಂಗಡಿಗರು ಬಳಕೆಗೆ ತಂದ ವಿಧಾನ ಬಲು ಸರಳ. ಹೊಸ, ಒಣಗಿದ, ಸೋಪಿನಲ್ಲಿ ತೊಳೆಯದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ವಾಲಿಸಿ ನೋಡಬೇಕು. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ, ಮದ್ದು ಕೊಡಲೇಬೇಕು. ಪ್ಲಾಸ್ಟಿಕ್ ನಳಿಕೆ ನಡೆಯುವುದಿಲ್ಲ, ಗಾಜೇ ಆಗಬೇಕು. ಇಡೀ ಪರೀಕ್ಷೆಗೆ ಬೇಕಾದದ್ದು ಒಂದು ನಳಿಕೆ, ಒಂದು ಗಡಿಯಾರ.

ಇನ್ನು ನನ್ನನ್ನು ಅಂದು ಕಟ್ಟಿಹಾಕಿದ ಅಂಜಿಕೆ. ಆ ಅಂಜಿಕೆಗೆ ಉತ್ತರ ಸಿಕ್ಕಿದ್ದು ಪಕ್ಕದ ಶ್ರೀಲಂಕಾದಲ್ಲಿ. ಅಲ್ಲಿ ಬಳಸುವುದೂ ಭಾರತದಲ್ಲಿ ತಯಾರಾದ ಮದ್ದೇ. 1,007 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮದ್ದಿಗೆ ಮುನ್ನ ಚರ್ಮದಡಿ ಅತಿ ಕಡಿಮೆ ಪ್ರಮಾಣದ ಅಡ್ರಿನಾಲಿನ್ ಕೊಟ್ಟರೆ ಮೊದಲ ಒಂದು ತಾಸಿನಲ್ಲಿ ತೀವ್ರ ಒಗ್ಗದಿಕೆ ಶೇ 43ರಷ್ಟು ತಗ್ಗಿತು. ನಾವು ತಲೆತಲಾಂತರದಿಂದ ಕೊಡುತ್ತ ಬಂದ ಹೈಡ್ರೋಕಾರ್ಟಿಸೋನ್ ಮತ್ತು ಪ್ರೊಮೆಥಜಿನ್ ಚುಚ್ಚುಮದ್ದುಗಳಿಂದ ಅಂಥ ಪ್ರಯೋಜನ ಕಾಣಲಿಲ್ಲ. ಅಡ್ರಿನಾಲಿನ್ ಎಲ್ಲ ಆಸ್ಪತ್ರೆಗಳಲ್ಲೂ ಇರುವ ಅಗ್ಗದ ಔಷಧ. ಮದ್ದು ಒಗ್ಗದಿದ್ದರೆ ಆಗುವ ಅಪಾಯಕ್ಕೆ ಮದ್ದು ಪಕ್ಕದಲ್ಲೇ ಇದೆ. ವಿಷ ಏರಿದವರಿಗೆ ಮದ್ದು ಕೊಡದೆ ಕಳಿಸಿದರೆ ಆಗುವ ಅಪಾಯಕ್ಕೆ ಜೀಪಿನಲ್ಲಿ ಯಾವ ಮದ್ದೂ ಇಲ್ಲ. ಈ ಒಂದು ಲೆಕ್ಕ ನನಗೆ ಅಂದು ಯಾರಾದರೂ ಹೇಳಿಕೊಟ್ಟಿದ್ದರೆ!

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ 2030ರ ಹೊತ್ತಿಗೆ ಇಂಥ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ಒಳ್ಳೆಯ ಹೆಜ್ಜೆಗಳು. ಆದರೆ ವರದಿಯಲ್ಲಿ ‘ಮುಂದಕ್ಕೆ ಕಳಿಸಲಾಗಿದೆ’ ಎಂದು ಬರೆದು ಕೈತೊಳೆದುಕೊಂಡರೆ ಆ ಲೆಕ್ಕಕ್ಕೂ ಹಳೆಯ ರಿಜಿಸ್ಟರಿನ ಗತಿಯೇ.

ದೀಪಾವಳಿಯ ನಂತರ ನಮ್ಮ ಕಡೆ ಹೋರಿ ಹಬ್ಬ ಶುರುವಾಗುತ್ತದೆ. ಕೊಬ್ಬರಿ ಹಾರ ಕಟ್ಟಿಕೊಂಡು ಬಾಣದಂತೆ ಬರುವ ಹೋರಿಯನ್ನು ನೋಡುವ ಸೊಗಸು ನನಗೂ ಗೊತ್ತು. ಹಬ್ಬ ನಿಲ್ಲಿಸಿ ಎಂದು ಹೇಳಲು ಹೊರಟಿಲ್ಲ. ಹೋರಿ ತಿವಿದು ಹೊಟ್ಟೆಗೆ ಪೆಟ್ಟಾದ ಹುಡುಗ ಆಸ್ಪತ್ರೆಗೆ ನಡೆದುಕೊಂಡೇ ಬರಬಹುದು. ಹೊರಗೆ ನೋಡಿದರೆ ಎರಡು ಬೆರಳಿನಷ್ಟು ಗಾಯ. ಒಳಗೆ ಯಕೃತ್ತೋ ಗುಲ್ಮವೋ ಸೀಳಿ ರಕ್ತ ಸುರಿಯುತ್ತಿರುತ್ತದೆ. ಶಿಗ್ಗಾವಿ, ಬಂಕಾಪುರದ ಮೂಲಕ ಹಾಯುವ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರ ಕಥೆಯೂ ಹೀಗೆಯೇ. ಇವರಿಗೆ ಶಸ್ತ್ರಚಿಕಿತ್ಸೆ ಬೇಕು, ಅದು ತಾಲ್ಲೂಕಿನಲ್ಲಿ ಆಗದಿರಬಹುದು, ನಿಜ. ಆದರೆ ಕಳಿಸುವ ಮೊದಲು ಕೊಡಬಹುದಾದ ಒಂದು ಚುಚ್ಚುಮದ್ದು ಇದೆ. ಅದರ ಹೆಸರು ಟ್ರಾನೆಕ್ಸಾಮಿಕ್ ಆಮ್ಲ.

40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ಈ ಔಷಧದ ಪ್ರಯೋಗ ನಡೆಯಿತು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಫಲಿತಾಂಶ ಬಂದದ್ದು 2010ರಲ್ಲಿ. ರಕ್ತಸ್ರಾವದಿಂದ ಆದ ಸಾವು ಶೇ 5.7ರಿಂದ 4.9ಕ್ಕೆ ಇಳಿದಿತ್ತು. ಇಷ್ಟೇ ಏನು ಎನ್ನಬೇಡಿ. ಮರುವರ್ಷ ಅದೇ ಅಂಕಿಗಳನ್ನು ಹೊತ್ತಿನ ಪ್ರಕಾರ ವಿಂಗಡಿಸಿ ನೋಡಿದಾಗ ನಿಜವಾದ ಪಾಠ ಕಂಡಿತು. ಗಾಯವಾದ ಒಂದು ತಾಸಿನೊಳಗೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿತ್ತು. ಒಂದರಿಂದ ಮೂರು ತಾಸಿನೊಳಗೆ ಕೊಟ್ಟವರಲ್ಲಿ ಐದನೇ ಒಂದು ಪಾಲು. ಮೂರು ತಾಸು ದಾಟಿದ ಮೇಲೆ ಕೊಟ್ಟರೆ ಲಾಭವಿಲ್ಲದ್ದು ಮಾತ್ರವಲ್ಲ, ಸಾವು ಹೆಚ್ಚಿತ್ತು!

ಈಗ ನಮ್ಮ ಭಾಗದ ಲೆಕ್ಕ ಹಾಕಿ. ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಜೆ ನಾಲ್ಕಕ್ಕೆ ಪೆಟ್ಟು. ಟಂಟಂ ಹಿಡಿದು ತಾಲ್ಲೂಕಿಗೆ ಬರುವಾಗ ಐದು. ಚೀಟಿ, ವಾಹನ ಎಂದು ಐದೂಮುಕ್ಕಾಲು. ಹುಬ್ಬಳ್ಳಿ ತಲುಪಿ, ನೋಂದಣಿಯಾಗಿ, ವೈದ್ಯರು ನೋಡುವಾಗ ಎಂಟು. ಹುಬ್ಬಳ್ಳಿಯಲ್ಲಿ ಎಂಥ ನಿಪುಣರೇ ಇರಲಿ, ಆ ಔಷಧದ ಹೊತ್ತು ಮೀರಿ ಹೋಗಿದೆ. ಅದು ಫಲ ಕೊಡುವ ಹೊತ್ತು ಇದ್ದದ್ದು ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ. ಬಾಣಂತಿಯರ ರಕ್ತಸ್ರಾವಕ್ಕೂ ಬಳಸುವ ಔಷಧ ಇದು, ಹೆರಿಗೆ ಕೋಣೆಯ ಕಪಾಟಿನಲ್ಲಿ ಇರಬಹುದು. ಹತ್ತು ಹೆಜ್ಜೆ ಆಚೆಗಿನ ಕ್ಯಾಷುಯಲ್ಟಿಗೆ ಬರುವುದಿಲ್ಲ, ಅಷ್ಟೇ.

ಎದೆನೋವಿನದೂ ಇದೇ ಕಥೆ. ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದಾಗ ಅದನ್ನು ಕರಗಿಸುವ ಚುಚ್ಚುಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವ ಪದ್ಧತಿಯನ್ನು ತಮಿಳುನಾಡಿನಲ್ಲಿ 2,420 ರೋಗಿಗಳಲ್ಲಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಒಂದು ವರ್ಷದೊಳಗಿನ ಸಾವು ಶೇ 17.6ರಿಂದ 14.2ಕ್ಕೆ ಇಳಿಯಿತು. ನಮ್ಮಲ್ಲೂ ಅದೇ ಮಾದರಿಯಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಬಡವರಿಗೂ ಉಚಿತವಾಗಿ ಕೊಡುತ್ತಾರೆ. ಕೊಟ್ಟು ಕಳಿಸುವುದು ಸಾಧ್ಯ ಎಂದು ಹೃದಯದ ವಿಷಯದಲ್ಲಿ ಸರ್ಕಾರವೇ ತೋರಿಸಿದೆ. ಸಾವಿರಗಟ್ಟಲೆ ರೂಪಾಯಿಯ ಔಷಧಕ್ಕೆ ಸಾಧ್ಯವಾದದ್ದು ಅಡ್ರಿನಾಲಿನ್ ಸೂಜಿಗೆ, ಗಾಜಿನ ನಳಿಕೆಗೆ ಏಕೆ ಸಾಧ್ಯವಾಗಬಾರದು?

ಹತ್ತಿಗೆ, ಮೆಣಸಿನಗಿಡಕ್ಕೆ ಔಷಧ ಹೊಡೆಯುವಾಗ ವಿಷ ಮೈಗೇರಿ ಬರುವವರು, ಇನ್ನಾವುದೋ ಸಂಕಟದಲ್ಲಿ ಅದೇ ವಿಷ ಹೊಟ್ಟೆಗೆ ಸೇರಿ ಬರುವವರು ನಮ್ಮ ಕಡೆಯ ಪ್ರತಿ ಆಸ್ಪತ್ರೆಗೂ ಗೊತ್ತು. ಇಲ್ಲಿಯೂ ಮುಖ್ಯ ಮದ್ದು ಹಳೆಯ ಅಟ್ರೋಪಿನ್. ಆದರೆ ಅದನ್ನು ಹೇಗೆ ಕೊಡುತ್ತೇವೆ ಎಂಬುದರಲ್ಲಿ ಜೀವ ಇದೆ. ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ 156 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ಆಗಾಗ ಇಷ್ಟಿಷ್ಟು ಎಂದು ಕೊಡುವ ವಾಡಿಕೆಯ ಕ್ರಮದಲ್ಲಿ ಸಾವು ಶೇ 22.5 ಇತ್ತು, ಶ್ವಾಸಕೋಶದ ಗೊರಗೊರ ಶಬ್ದ ನಿಲ್ಲುವವರೆಗೆ ಬೇಗಬೇಗ ಪ್ರಮಾಣ ಏರಿಸುತ್ತ ಹೋಗಿ, ಆಮೇಲೆ ಸಲೈನಿನ ಮೂಲಕ ಸತತವಾಗಿ ಕೊಟ್ಟಾಗ ಅದು ಶೇ 8ಕ್ಕೆ ಇಳಿಯಿತು. ಔಷಧ ಅದೇ, ಆಸ್ಪತ್ರೆ ಅದೇ. ಬದಲಾದದ್ದು ಕೊಡುವ ಕ್ರಮ, ಅದಕ್ಕೆ ಬೇಕಾದ ಒಂದು ತಾಸಿನ ಕಾವಲು.

ಓದುಗರು ಕೇಳಬಹುದು: ಎಲ್ಲ ಸರಿ, ಒಬ್ಬ ವೈದ್ಯ ಎಷ್ಟು ಜನರನ್ನು ನೋಡುತ್ತಾನೆ? ಮದುವೆ ದಿಬ್ಬಣದ ಟ್ರ್ಯಾಕ್ಟರ್ ಉರುಳಿ ಒಂದೇ ಸಲ ಇಪ್ಪತ್ತು ಜನ ಬಂದರೆ? ಆಗ ಬೇಕಾದದ್ದು ಕಾಳು ಹಸನು ಮಾಡುವ ಕೆಲಸ. ನೆಪೋಲಿಯನ್ನನ ಸೈನ್ಯದ ವೈದ್ಯ ಲಾರೆ ಯುದ್ಧಭೂಮಿಯಲ್ಲಿ ಪದವಿ, ಅಂತಸ್ತು ನೋಡದೆ ಯಾರ ಜೀವ ಹೆಚ್ಚು ಅಪಾಯದಲ್ಲಿದೆಯೋ ಅವರನ್ನು ಮೊದಲು ಎತ್ತಿಕೊಂಡ. ಇಂದು ಇದನ್ನು ‘ಟ್ರಯಾಜ್’ ಎನ್ನುತ್ತಾರೆ. ಫ್ರೆಂಚಿನಲ್ಲಿ ಆರಿಸುವುದು ಎಂದರ್ಥ. ಮೊರದಲ್ಲಿ ಕಾಳು ಆರಿಸುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಗಿಲಲ್ಲೇ ಒಬ್ಬ ದಾದಿ ನಿಂತು ಪ್ರತಿಯೊಬ್ಬರ ನಾಡಿ, ಉಸಿರು, ರಕ್ತದೊತ್ತಡ, ಎಚ್ಚರ ನೋಡಿ ಕೆಂಪು, ಹಳದಿ, ಹಸಿರು ಎಂದು ಚೀಟಿ ಕಟ್ಟಬೇಕು. ಇದರಲ್ಲಿ ಎಲ್ಲರೂ ಬಿಟ್ಟುಬಿಡುವುದು ಉಸಿರಿನ ಎಣಿಕೆ. ಯಂತ್ರ ಹಚ್ಚಿದರೆ ನಾಡಿ ತಾನಾಗಿ ತೋರುತ್ತದೆ, ಉಸಿರನ್ನು ಮಾತ್ರ ಕಣ್ಣಿಟ್ಟು ಎಣಿಸಬೇಕು. ಅದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಗಟ್ಟಿಯಾಗಿ ಕೂಗುವವನು ಸಾಮಾನ್ಯವಾಗಿ ಬದುಕುತ್ತಾನೆ. ಮೂಲೆಯಲ್ಲಿ ಸುಮ್ಮನೆ ಕೂತು ನಿಮಿಷಕ್ಕೆ ಮೂವತ್ತೈದು ಸಲ ಉಸಿರಾಡುತ್ತಿರುವವನನ್ನು ಹುಡುಕುವುದೇ ಟ್ರಯಾಜ್. ನಮ್ಮಲ್ಲಿ ನಡೆಯುವ ಟ್ರಯಾಜ್ ಬೇರೆ. ಯಾರ ಕಡೆಯವರು ಫೋನ್ ಮಾಡಿಸಿದರು ಎಂಬುದರ ಮೇಲೆ ಅದು ನಡೆಯುತ್ತದೆ.

ಇನ್ನು ಆ ಚೀಟಿ. ‘ಮುಂದಿನ ಚಿಕಿತ್ಸೆಗಾಗಿ ಕಳಿಸಿದೆ’ ಎಂಬ ಒಂದು ಸಾಲಿನ ಚೀಟಿಗಳನ್ನು ನಾನೇ ನೂರಾರು ಬರೆದಿದ್ದೇನೆ. ಆ ತುದಿಯಲ್ಲಿ ಅದನ್ನು ತೆರೆದ ವೈದ್ಯನಿಗೆ ಏನೂ ತಿಳಿಯುವುದಿಲ್ಲ. ಯಾವಾಗ ಪೆಟ್ಟಾಯಿತು, ಏನು ಕೊಟ್ಟರು, ಎಷ್ಟು ಕೊಟ್ಟರು, ಕೊಟ್ಟಾಗ ಒತ್ತಡ ಎಷ್ಟಿತ್ತು? ಮೊದಲಿನಿಂದ ಶುರು. ಅಮೆರಿಕ ಮತ್ತು ಕೆನಡಾದ 9 ಮಕ್ಕಳ ಚಿಕಿತ್ಸಾ ಕೇಂದ್ರಗಳಲ್ಲಿ ಪಾಳಿ ಬದಲಾಗುವಾಗ ಒಬ್ಬ ವೈದ್ಯ ಇನ್ನೊಬ್ಬನಿಗೆ ರೋಗಿಯನ್ನು ಒಪ್ಪಿಸುವ ಮಾತಿಗೆ ಒಂದು ಕಟ್ಟು ಹಾಕಿದರು. ರೋಗ ಎಷ್ಟು ತೀವ್ರ, ಈವರೆಗೆ ಏನಾಯಿತು, ಇನ್ನು ಏನು ಮಾಡಬೇಕು, ಏನಾದರೆ ಏನು ಮಾಡಬೇಕು. ಕೊನೆಗೆ ಕೇಳಿಸಿಕೊಂಡವನು ತಿರುಗಿ ಹೇಳಬೇಕು. ಅಷ್ಟಕ್ಕೇ ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ತಪ್ಪಿಸಬಹುದಾದ ಹಾನಿ ಶೇ 30ರಷ್ಟು ಕಡಿಮೆಯಾದವು ಎಂದು 2014ರಲ್ಲಿ ವರದಿಯಾಯಿತು. ಒಂದೇ ಕಟ್ಟಡದ ಒಳಗೆ ಇಷ್ಟು ವ್ಯತ್ಯಾಸವಾಗುವುದಾದರೆ ಹಿರೇಕೆರೂರಿನಿಂದ ದಾವಣಗೆರೆಗೆ ಕಳಿಸುವಾಗ ಒಂದು ಫೋನ್ ಕರೆಯ ಬೆಲೆ ಎಷ್ಟಿರಬೇಡ?

ಆದರೆ ಇಲ್ಲೊಂದು ಎಚ್ಚರಿಕೆ ಹೇಳದಿದ್ದರೆ ನಾನು ಓದುಗರಿಗೆ ಮೋಸ ಮಾಡಿದಂತೆ. ಪಟ್ಟಿ, ನಮೂನೆ, ತರಬೇತಿ ಕೊಟ್ಟ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಕೇರಳದ 63 ಆಸ್ಪತ್ರೆಗಳಲ್ಲಿ 21,374 ಹೃದಯಾಘಾತದ ರೋಗಿಗಳನ್ನು ಒಳಗೊಂಡ ದೊಡ್ಡ ಪ್ರಯೋಗ ನಡೆಯಿತು. ಪರಿಶೀಲನಾ ಪಟ್ಟಿ, ತಿಂಗಳ ವರದಿ, ತರಬೇತಿ ಎಲ್ಲ ಕೊಟ್ಟರು. 2018ರಲ್ಲಿ ಫಲಿತಾಂಶ ಬಂದಾಗ 30 ದಿನಗಳೊಳಗಿನ ಸಾವು ಮತ್ತು ಇತರ ಗಂಭೀರ ತೊಂದರೆಗಳಲ್ಲಿ ನಿಶ್ಚಿತ ಎನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಉತ್ತರ ಪ್ರದೇಶದ 120 ಹೆರಿಗೆ ಕೇಂದ್ರಗಳಲ್ಲಿ ಪರಿಶೀಲನಾ ಪಟ್ಟಿ ಬಳಸಿ ನೋಡಿದಾಗಲೂ ತಾಯಿ, ಶಿಶುಗಳ ಸಾವು ಇಳಿಯಲಿಲ್ಲ. ನನಗೆ ಇದು ಆಶ್ಚರ್ಯವಲ್ಲ. ಗೋಡೆಗೆ ಅಂಟಿಸಿದ ಕಾಗದ ರಾತ್ರಿ ಎರಡಕ್ಕೆ ಎದ್ದು ಬರುವುದಿಲ್ಲ. ಆದರೆ ಯುಗಾಂಡಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಕಡಿಮೆ ಖರ್ಚಿನ ಕ್ರಮಗಳನ್ನು ಒಟ್ಟಿಗೆ ಜಾರಿಗೆ ತಂದಾಗ ತುರ್ತು ರೋಗಿಗಳ ಸಾವು ಗಮನಾರ್ಹವಾಗಿ ತಗ್ಗಿತು. ಬಾಗಿಲಲ್ಲೇ ಆರಿಸಿ ನೋಡುವುದು, ಗಂಭೀರ ರೋಗಿಗಳಿಗೇ ಮೀಸಲಾದ ಒಂದು ಜಾಗ, ದಾದಿಯರಿಗೂ ವೈದ್ಯರಿಗೂ ಸೇರಿಸಿ ಕೊಡುವ ಮೂಲ ತರಬೇತಿ, ಪ್ರತಿ ರೋಗಿಯ ಲೆಕ್ಕ ಇಡುವ ಪುಸ್ತಕ, ಇವು ಆ ಕ್ರಮಗಳು. ಅಲ್ಲಿ ಕೆಲಸದ ರೀತಿಯೇ ಬದಲಾಯಿತು ಎಂಬುದು ನನ್ನ ಊಹೆ. ಬರೀ ಕಾಗದ ಹಂಚಿದ್ದರೆ ಅದೂ ಉತ್ತರ ಪ್ರದೇಶದ ಸಾಲಿಗೆ ಸೇರುತ್ತಿತ್ತು.

ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ದೂರಲು ಇದನ್ನು ಬರೆಯುತ್ತಿಲ್ಲ. ನೀತಿ ಆಯೋಗಕ್ಕಾಗಿ ದೆಹಲಿಯ ಏಮ್ಸ್ ತಜ್ಞರು ದೇಶದ 100 ಆಸ್ಪತ್ರೆಗಳ ತುರ್ತು ವಿಭಾಗಗಳನ್ನು ನೋಡಿ 2021ರಲ್ಲಿ ವರದಿ ಕೊಟ್ಟರು. ನೂರಕ್ಕೆ 91 ಆಸ್ಪತ್ರೆಗಳಲ್ಲಿ ಸ್ವಂತ ಆಂಬುಲೆನ್ಸ್ ಇತ್ತು. ಅದರಲ್ಲಿ ಕೂರಲು ತರಬೇತಿ ಪಡೆದ ಸಿಬ್ಬಂದಿ ಇದ್ದದ್ದು ನೂರಕ್ಕೆ 34ರಲ್ಲಿ ಮಾತ್ರ. ಗಾಡಿ ಕೊಳ್ಳುವುದು ಸುಲಭ, ಹಸಿರು ನಿಶಾನೆ ತೋರಿಸಿ ಫೋಟೋ ತೆಗೆಸಿಕೊಳ್ಳಬಹುದು. ಅದರೊಳಗೆ ಕೂರುವವನಿಗೆ ಉಸಿರಿನ ಚೀಲ ಒತ್ತುವುದನ್ನು ಕಲಿಸಿದರೆ ಫೋಟೋ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ 108 ಸೇವೆ 2008ರ ನವೆಂಬರಿನಲ್ಲಿ ಆರಂಭವಾಗಿ ಹಳ್ಳಿಗಳಿಗೆ ದೊಡ್ಡ ಉಪಕಾರ ಮಾಡಿದೆ, ಅನುಮಾನವಿಲ್ಲ. ಹಾವೇರಿಯಲ್ಲಿ 2022ರಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಅದು ಬೆಳೆದಂತೆ ಹುಬ್ಬಳ್ಳಿಯ ದಾರಿ ಅರ್ಧಕ್ಕರ್ಧ ಕಡಿಮೆಯಾದೀತು. ಆದರೂ ಹಳ್ಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ ಎಂಬ ದಾರಿ ಉಳಿದೇ ಇರುತ್ತದೆ.

ವೈದ್ಯರ ಅಂಜಿಕೆಗೆ ಎರಡು ಬೇರು. ಒಂದು, ಪೊಲೀಸ್ ಕೇಸಿನ ಭಯ. ಇದಕ್ಕೆ ಸುಪ್ರೀಂ ಕೋರ್ಟು 1989ರಲ್ಲೇ ತೆರೆ ಎಳೆದಿದೆ: ಮೊದಲು ಜೀವ ಉಳಿಸುವ ಚಿಕಿತ್ಸೆ, ಆಮೇಲೆ ಕಾಗದಪತ್ರ. ಕೋಲ್ಕತ್ತದ ಕಡೆಯ ಒಬ್ಬ ಕೃಷಿ ಕಾರ್ಮಿಕ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಒಂದರ ನಂತರ ಒಂದು ಸರ್ಕಾರಿ ಆಸ್ಪತ್ರೆಗೆ ಅಲೆದರೂ ಜಾಗ ಸಿಗಲಿಲ್ಲ. ಆ ಪ್ರಕರಣದಲ್ಲಿ 1996ರಲ್ಲಿ ಅದೇ ನ್ಯಾಯಾಲಯ, ಸಕಾಲದ ತುರ್ತು ಚಿಕಿತ್ಸೆ ನಿರಾಕರಿಸಿದರೆ ಜೀವಿಸುವ ಹಕ್ಕನ್ನೇ ನಿರಾಕರಿಸಿದಂತೆ ಎಂದಿತು. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಕಾಯುವ ಕಾನೂನನ್ನು ಕರ್ನಾಟಕ 2016ರಲ್ಲಿ ರೂಪಿಸಿತು. ಎರಡನೆಯ ಬೇರು ಬಂಧುಗಳ ಸಿಟ್ಟಿನ ಭಯ. ವೈದ್ಯರ ಮೇಲೆ ಕೈಮಾಡುವುದರ ವಿರುದ್ಧ 2009ರ ಕಾಯ್ದೆ ಇದೆ. ಆದರೆ ರಾತ್ರಿ ಹೊತ್ತು ಕ್ಯಾಷುಯಲ್ಟಿಯ ಬಾಗಿಲಲ್ಲಿ ಕಾಯ್ದೆ ನಿಲ್ಲುವುದಿಲ್ಲ. ನಾವು ಕೈ ಎತ್ತಿದಷ್ಟೂ ವೈದ್ಯರು ಮುಂದೆ ಕಳಿಸುವುದು ಹೆಚ್ಚುತ್ತದೆ. ಕಳಿಸಿದ ವೈದ್ಯನಿಗೆ ಯಾರೂ ಹೊಡೆದದ್ದಿಲ್ಲ. ಕೊಟ್ಟ ವೈದ್ಯನಿಗೆ ಹೊಡೆದದ್ದುಂಟು. ಊರ ಹಿರಿಯರು ಇದನ್ನು ಸ್ವಲ್ಪ ಯೋಚಿಸಬೇಕು.

ಮನೆಯವರು ಮಾಡಬಹುದಾದದ್ದೂ ಇದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕೈಕಾಲು ಅಲುಗದಂತೆ ಇಟ್ಟು ಹೊರಡಿ, ಹೊರಟ ಹೊತ್ತು ನೋಡಿಕೊಳ್ಳಿ. ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ದಾಟಿಕೊಂಡು ನೇರ ಹುಬ್ಬಳ್ಳಿಗೆ ಹೋಗಬೇಡಿ. ಅಲ್ಲಿಂದ ಮುಂದೆ ಕಳಿಸಿದರೆ ಸೌಜನ್ಯದಿಂದ ಮೂರು ಮಾತು ಕೇಳಿ. ಯಾವ ಮದ್ದು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿದಿರಾ? ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

ಆಸ್ಪತ್ರೆಗಳಿಗೆ ನಾನು ಕೇಳುವುದು ಒಂದೇ ಒಂದು ನೋಟ್‌ಬುಕ್. ಮುಂದೆ ಕಳಿಸಿದ ಪ್ರತಿ ರೋಗಿಗೆ ಒಂದು ಸಾಲು: ಬಂದ ಹೊತ್ತು, ನೋಡಿದ ಹೊತ್ತು, ಕೊಟ್ಟ ಮದ್ದು, ಕಳಿಸಿದ ಹೊತ್ತು, ಎಲ್ಲಿಗೆ ಕಳಿಸಿದ್ದು, ಮನೆಯವರ ಫೋನ್ ನಂಬರು. ಕೊನೆಯ ಅಂಕಣ ಖಾಲಿ ಇರಲಿ. ಮರುದಿನ ಒಬ್ಬ ದಾದಿ ಆ ನಂಬರಿಗೆ ಫೋನ್ ಮಾಡಿ, ಏನಾಯಿತು ಎಂದು ಕೇಳಿ, ಆ ಅಂಕಣ ತುಂಬಬೇಕು. ಆರು ತಿಂಗಳು ಹೀಗೆ ಮಾಡಿದರೆ ನಾಲ್ಕು ತಾಲ್ಲೂಕುಗಳ ಬಗ್ಗೆ ಯಾವ ವಿಶ್ವವಿದ್ಯಾಲಯದ ಬಳಿಯೂ ಇಲ್ಲದ ಸಂಶೋಧನೆ ನಮ್ಮ ಕೈಯಲ್ಲಿರುತ್ತದೆ. ಯಾವ ಕಾಯಿಲೆಯವರು ದಾರಿಯಲ್ಲಿ ಸಾಯುತ್ತಾರೆ, ಯಾರು ಕಳಿಸದಿದ್ದರೂ ನಡೆಯುತ್ತಿತ್ತು, ಯಾವ ಮದ್ದು ಕಪಾಟಿನಲ್ಲಿ ಇದ್ದೂ ಹೊರಬರಲಿಲ್ಲ, ಎಲ್ಲ ತಿಳಿಯುತ್ತದೆ. ತಪ್ಪು ಹಿಡಿಯಲು ಈ ಪುಸ್ತಕವನ್ನು ಬಳಸುವುದಿಲ್ಲ ಎಂದು ಜಿಲ್ಲಾ ಅಧಿಕಾರಿಗಳು ಮೊದಲೇ ಮಾತು ಕೊಡಬೇಕು. ಇಲ್ಲದಿದ್ದರೆ ಮೂರನೇ ವಾರದಿಂದ ಎಲ್ಲ ರೋಗಿಗಳೂ ‘ಆರೋಗ್ಯವಾಗಿದ್ದಾರೆ’.

ಪ್ರತಿ ತಾಲ್ಲೂಕು ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದು ಇದೆ. ಅದರ ಕೈಯಲ್ಲಿ ಸಣ್ಣ ಖರ್ಚಿಗೆ ಹಣವೂ ಇರುತ್ತದೆ. ಸಭೆಯಲ್ಲಿ ಸುಣ್ಣಬಣ್ಣ, ನೀರಿನ ಟ್ಯಾಂಕು, ಕುರ್ಚಿಗಳ ಚರ್ಚೆ ಮುಗಿದ ಮೇಲೆ ಸದಸ್ಯರಲ್ಲಿ ಯಾರಾದರೂ ಒಬ್ಬರು ಎದ್ದು, ಕಳೆದ ತಿಂಗಳು ಇಲ್ಲಿಂದ ಮುಂದೆ ಕಳಿಸಿದವರಲ್ಲಿ ಎಷ್ಟು ಜನ ತಲುಪಿದರು ಎಂದು ಕೇಳಲಿ. ಮೊದಲ ಸಭೆಯಲ್ಲಿ ಉತ್ತರ ಸಿಗಲಿಕ್ಕಿಲ್ಲ. ಎರಡನೆಯ ಸಭೆಗೂ ಅದೇ ಪ್ರಶ್ನೆ ತೆಗೆದುಕೊಂಡು ಹೋಗಲಿ.